ಬೂದ ನನ್ನ ಕೈಯಿಂದ ಮುದ್ದೆ ತಿಂದ ದಿನ

ನಮ್ಮ ಮನೆಯಲ್ಲಿ ಪಾತ್ರೆ ಬೀಳುವ ಹಾಗಿರಲಿಲ್ಲ. ಗುಬ್ಬಿಯಿಂದ ಮೂರು ಮೈಲಿ ಒಳಕ್ಕೆ, ತೆಂಗಿನ ತೋಟದ ನಡುವೆ ನಮ್ಮದೊಂದೇ ಮನೆ. ಅವ್ವ ತವರಿನಿಂದ ತಂದಿದ್ದ ಸ್ಟೀಲ್ ತಟ್ಟೆ ಲೋಟಗಳನ್ನೆಲ್ಲ ಗೋಣಿಚೀಲದಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದ್ದಳು. ಅಪ್ಪ, ಅವ್ವ, ನಾನು, ಮೂವರೂ ದಿನವೂ ಮುತ್ತುಗದ ಎಲೆಯಲ್ಲೇ ಉಣ್ಣುತ್ತಿದ್ದೆವು. ನೀರು ಕುಡಿಯಲು ಪ್ಲಾಸ್ಟಿಕ್ ಲೋಟ. ಸುತ್ತಲ ಊರುಗಳಿಗೆಲ್ಲ ಕುಕ್ಕರ್ ಬಂದಿತ್ತು, ನಮ್ಮ ಮನೆಗೆ ಮಾತ್ರ ಬರಲಿಲ್ಲ, ಅದು ಕೂಗುತ್ತದಲ್ಲ! ಖಾರ ರುಬ್ಬಬೇಕಾದರೆ ಅವ್ವ ಸಾಮಾನು ಹೊತ್ತುಕೊಂಡು ಎರಡು ತೋಟ ದಾಟಿ ಚಿಕ್ಕಮ್ಮನ ಮನೆಗೆ ಹೋಗಬೇಕು. ಬಾಗಿಲುಗಳು ಕಿರುಗುಟ್ಟಬಾರದೆಂದು ವಾರಕ್ಕೊಮ್ಮೆ ಕೊಬ್ಬರಿ ಎಣ್ಣೆ ಬಿಡುತ್ತಿದ್ದಳು. ನನ್ನ ಕಾಲ್ಗೆಜ್ಜೆಯನ್ನು ನಾಲ್ಕನೇ ವಯಸ್ಸಿಗೇ ಬಿಚ್ಚಿಸಿದ್ದರು. ಗಂಡ ಹೆಂಡತಿಯ ಜಗಳ ಕೂಡ ಪಿಸುಮಾತಿನಲ್ಲೇ ಆಗಬೇಕು. ಪಿಸುಮಾತಿನಲ್ಲಿ ಬೈದುಕೊಳ್ಳುವುದನ್ನು ನೀವು ಕೇಳಿಲ್ಲದಿದ್ದರೆ ನಿಮ್ಮ ಪುಣ್ಯ. ಎಷ್ಟೋ ಸಲ ಗೋಡೆಯ ಆಚೆ ಮಲಗಿಕೊಂಡು, ಇವರು ಒಂದು ಸಲ ಬಾಯಿ ಬಿಟ್ಟು ಕಿರುಚಾಡಿ ಮುಗಿಸಬಾರದೇ ಎಂದುಕೊಂಡಿದ್ದೇನೆ.

ಇದೆಲ್ಲ ನಾಯಿಗಳಿಗಾಗಿ. ನಮ್ಮಪ್ಪ ಕೋವಿಯ ಸದ್ದಿಗೆ ಹೆದರಿ ಕೆಟ್ಟ ಶಿಕಾರಿ ನಾಯಿಗಳನ್ನು ಸರಿಮಾಡುತ್ತಿದ್ದ. ನಮ್ಮ ಕಡೆ ಬೆಳೆ ಕಾಯಲು ಕೋವಿ ಇಟ್ಟುಕೊಂಡವರು ಹಂದಿ, ಮೊಲದ ಬೇಟೆಗೂ ಹೋಗುತ್ತಿದ್ದರು. ಕಾನೂನಿಗೆ ವಿರುದ್ಧ ಎಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಿಡುತ್ತಿರಲಿಲ್ಲ. ಅವರು ಎಳೆ ನಾಯಿಯನ್ನು ಮೊದಲ ದಿನವೇ ಕರೆದುಕೊಂಡು ಹೋಗಿ ಅದರ ನೆತ್ತಿಯ ಮೇಲೇ ಈಡು ಹೊಡೆಯುತ್ತಿದ್ದರು. ನಾಯಿ ಬಾಲ ಮುದುರಿಕೊಂಡು ಓಡಿದರೆ ಹಿಡಿದು ತಂದು ಮರಕ್ಕೆ ಕಟ್ಟಿ, ಅಭ್ಯಾಸವಾಗಲಿ ಎಂದು ಮತ್ತೆ ನಾಲ್ಕು ಈಡು. ಅಲ್ಲಿಗೆ ಅದರ ಕಥೆ ಮುಗಿಯಿತು. ಬಾಗಿಲು ದಢ್ ಎಂದರೂ ಉಚ್ಚೆ ಹೊಯ್ದುಕೊಳ್ಳುವ, ಕೈ ಎತ್ತಿದವರನ್ನೆಲ್ಲ ಕಚ್ಚುವ ಆ ಪ್ರಾಣಿಯನ್ನು ಗೋಣಿಚೀಲದಲ್ಲಿ ತುಂಬಿಕೊಂಡು ಕುಣಿಗಲ್ ಕಡೆಯಿಂದ, ಗೂಳೂರಿನಿಂದ ಅಪ್ಪನ ಹತ್ತಿರ ಬರುತ್ತಿದ್ದರು.

"ನಾಯಿ ಕೆಟ್ಟೋಗದೆ ಕಣಣ್ಣ. ಏನಾದ್ರೂ ಮಾಡು."

"ನಾಯಿ ಕೆಟ್ಟಿಲ್ಲ ಕಣ್ಲಾ, ನೀವು ಕೆಡ್ಸಿದೀರ. ಬುಟ್ಟು ಹೋಗು."

ಅಪ್ಪನ ವಿದ್ಯೆ ನೋಡಲು ಏನೂ ಅಲ್ಲ. ಹಿತ್ತಲಿನ ಹುಣಸೆಮರಕ್ಕೆ ನಾಯಿ ಕಟ್ಟಿ, ಅದಕ್ಕೆ ಬೆನ್ನು ಹಾಕಿ ಕೂತು ತನ್ನ ಊಟ ಮಾಡುವುದು. ತಿರುಗಿ ನೋಡುವಂತಿಲ್ಲ, ಕರೆಯುವಂತಿಲ್ಲ. ತನ್ನ ಎಲೆಯ ಮುದ್ದೆಯಲ್ಲೇ ಒಂದು ತುತ್ತು ಮುರಿದು ಬೆನ್ನ ಹಿಂದೆ ಇಡುವುದು. ನಾಳೆ ಒಂದು ಗೇಣು ಹತ್ತಿರ ಕೂರುವುದು. ಎಂಜಲು ಹಂಚಿಕೊಂಡ ನಾಯಿ ಕಚ್ಚುವುದಿಲ್ಲ ಎಂದು ಅವನ ನಂಬಿಕೆ. ಅದು ಬೆನ್ನ ಹಿಂದೆಯೇ ನಿಂತು ತಿನ್ನಲು ಶುರುಮಾಡಿದ ಮೇಲೆ ಸದ್ದಿನ ಪಾಠ. ತುತ್ತು ಇಡುವಾಗ ದೂರದಲ್ಲಿ ಎರಡು ತೆಂಗಿನ ಚಿಪ್ಪು ಬಡಿಯಬೇಕು. ಕೆಲವು ದಿನ ಬಿಟ್ಟು ಡಬ್ಬದ ಮುಚ್ಚಳ. ಆಮೇಲೆ ಬಿದಿರು ಸೀಳುವುದು. ಕೊನೆಗೆ ಕೆರೆಯಂಗಳದ ಆಚೆ ಕಡೆಯಿಂದ ಒಂದು ಈಡು. ಸದ್ದಾದರೆ ಅನ್ನ ಬರುತ್ತದೆ ಎಂದು ನಾಯಿಗೆ ಮನದಟ್ಟಾಗಬೇಕು. ನಡುವೆ ಒಂದು ಸಲ ಅನ್ನವಿಲ್ಲದೆ ಬರೀ ಸದ್ದು ಕೇಳಿದರೆ ಎರಡು ತಿಂಗಳ ಕೆಲಸ ಹೊಳೆಗೆ ಹಾಕಿದಂತೆ. ಅದಕ್ಕೇ ನಮ್ಮ ಮನೆಯಲ್ಲಿ ಅಪ್ಪ ಹೇಳಿದಾಗ ಮಾತ್ರ ಸದ್ದು, ಉಳಿದ ಹೊತ್ತಿನಲ್ಲಿ ನಾವು ಇದ್ದೂ ಇಲ್ಲದ ಹಾಗೆ ಇರಬೇಕು.

ವರ್ಷಕ್ಕೆ ಮೂರು ದಿನ ಮಾತ್ರ ನಮಗೆ ಬಾಯಿ ಬರುತ್ತಿತ್ತು. ದೀಪಾವಳಿಯ ಪಟಾಕಿಗೆ ನಾಯಿಗಳು ಬೆದರುತ್ತವೆಂದು ಅಪ್ಪ ಅವನ್ನು ಕಟ್ಟಿಕೊಂಡು ದೇವರಾಯನದುರ್ಗದ ಕಾಡಂಚಿಗೆ ಹೋಗಿಬಿಡುತ್ತಿದ್ದ. ಅವನು ಗೇಟು ದಾಟಿದ್ದೇ ತಡ, ಅವ್ವ ಅಟ್ಟದಿಂದ ಗೋಣಿಚೀಲ ಇಳಿಸಿ ಸ್ಟೀಲ್ ತಟ್ಟೆ ತೊಳೆಯುತ್ತಿದ್ದಳು. ಚಿಕ್ಕಮ್ಮ ಬರುತ್ತಿದ್ದಳು. ಇಬ್ಬರೂ ಎಣ್ಣೆ ಹಚ್ಚಿಕೊಂಡು, ಒಬ್ಬರ ಬೆನ್ನು ಒಬ್ಬರು ಉಜ್ಜುತ್ತ ಬಚ್ಚಲಮನೆ ಹಾರಿಹೋಗುವ ಹಾಗೆ ನಗುತ್ತಿದ್ದರು. ನಮ್ಮವ್ವನ ನಗು ಅಷ್ಟು ದಪ್ಪ ಗಂಟಲಿನದು ಎಂದು ನನಗೆ ತಿಳಿದಿದ್ದೇ ದೀಪಾವಳಿಯಲ್ಲಿ. ನಾನು ಬಾಗಿಲ ಹಿಂದೆ ನಿಂತು ಅದನ್ನು ಕೇಳುತ್ತಿದ್ದೆ, ಒಳಗೆ ಹೋಗಲು ನಾಚಿಕೆಯಾಗುತ್ತಿತ್ತು.

ಅಪ್ಪನ ಕೈ ನಾಯಿಯ ಮೇಲೆ ಒಮ್ಮೆಯೂ ಏಳಲಿಲ್ಲ, ನಮ್ಮ ಮೇಲೆ ಏಳುತ್ತಿತ್ತು. ಏಳು ವರ್ಷದವಳಿದ್ದಾಗ ನಾನು ಬಚ್ಚಲಲ್ಲಿ ಹಿತ್ತಾಳೆ ಚೊಂಬು ಬೀಳಿಸಿದೆ. ಅದು ಮೂರು ಸಲ ಪುಟಿದು, ಉರುಳಿ, ಹೊಸ್ತಿಲಿಗೆ ಬಡಿದು ನಿಂತಿತು. ಹಿತ್ತಲಲ್ಲಿ ನಾಯಿ ಕುಯ್ಯೋ ಎಂದಿತು. ಅಪ್ಪ ಬಂದು ನನ್ನನ್ನು ಕತ್ತಲೆ ಕೋಣೆಗೆ ಎಳೆದುಕೊಂಡು ಹೋಗಿ ಒಂದು ಕೈಯಿಂದ ಬಾಯಿ ಮುಚ್ಚಿ ಇನ್ನೊಂದು ಕೈಯಿಂದ ತೊಡೆಯ ಒಳಭಾಗವನ್ನು ಹಿಂಡಿದ. ಬಾಯಿ ಬಿಟ್ಟರೆ ಮತ್ತೆ ಹಿಂಡುತ್ತಿದ್ದ. ಹೀಗೆ ಸದ್ದಿಲ್ಲದೆ ಅಳುವುದನ್ನು ನಾನು ಕಲಿತೆ. ಈಗ ಗೂಳೂರಿನ ಶಾಲೆಯಲ್ಲಿ ಪಾಠ ಮಾಡುವಾಗ ಹಿಂದಿನ ಬೆಂಚಿನವರು "ಮಿಸ್, ಕೇಳಿಸ್ತಿಲ್ಲ" ಎಂದು ದಿನಕ್ಕೆ ಹತ್ತು ಸಲ ಕೂಗುತ್ತಾರೆ. ಗಂಟಲು ಚೆನ್ನಾಗಿಯೇ ಇದೆ, ಡಾಕ್ಟರಿಗೆ ತೋರಿಸಿದ್ದೇನೆ.

ಆಮೇಲೆ ಬೂದ ಬಂದ. ಬೇಸಿಗೆಯಲ್ಲಿ ಶಿರಾ ಕಡೆಯ ಕುರಿಗಾಹಿಗಳು ನಮ್ಮ ಹೊಲದಲ್ಲಿ ಗೊಬ್ಬರಕ್ಕೆಂದು ಮಂದೆ ನಿಲ್ಲಿಸುತ್ತಿದ್ದರು. ಅವರ ಒಂದು ಹೆಣ್ಣುನಾಯಿ ತೋಳದ ಜೊತೆ ಹೋಗಿ ಬಂದು ಮರಿ ಹಾಕಿತ್ತಂತೆ. ಅದರಲ್ಲಿ ಒಂದು ಮಾತ್ರ ಉಳಿದು ವರ್ಷದ್ದಾಗಿತ್ತು, ಅದೇ ಬೂದ. ಒಲೆಯ ಬೂದಿಯ ಬಣ್ಣ, ಉದ್ದ ಕಾಲು, ಹಳದಿ ಕಣ್ಣು, ಸದಾ ಇಳಿಬಿಟ್ಟ ಬಾಲ. ಯಾರೋ ತೋಳವೆಂದೇ ಅದಕ್ಕೆ ಈಡು ಹೊಡೆದಿದ್ದರು. ಹಿಂದಿನ ತೊಡೆಯಲ್ಲಿ ಸೀಸದ ಚರೆಗಳು ಹಾಗೇ ಇದ್ದವು, ಮುಟ್ಟಿದರೆ ಚರ್ಮದಡಿ ರಾಗಿಕಾಳಿನಂತೆ ಕೈಗೆ ಸಿಗುತ್ತಿದ್ದವು.

"ಇದು ಕುರಿ ಕಾಯಕಿಲ್ಲ ಯಜಮಾನ್ರೆ," ಎಂದ ಮುದುಕ ಕುರಿಗಾಹಿ. "ಕುಂತ್ಕಂಡು ಕುರಿ ಆರಿಸ್ತದೆ. ಹೊಡೆದು ಹಾಕಕ್ಕೆ ಮನಸು ಬರಲ್ಲ. ನೀವು ಇಟ್ಕಳಿ."

ಅವ್ವ ಅಂದು ಅಪ್ಪನ ಕಾಲು ಹಿಡಿದುಕೊಂಡು ಪಿಸುಮಾತಿನಲ್ಲೇ ಬೇಡಿದಳು. "ತೋಳದ ರಕ್ತ ಅದು. ಮನೇಲಿ ಹೆಣ್ಮಗು ಅದೆ. ಬ್ಯಾಡ ಅನ್ನಿ."

"ನೀನು ಸುಮ್ನಿರು," ಎಂದ ಅಪ್ಪ. ಅವನ ಕಣ್ಣು ಆಗಲೇ ಬೂದನ ಮೇಲೆ ನೆಟ್ಟಿತ್ತು.

ಬೂದ ಬೊಗಳುತ್ತಿರಲಿಲ್ಲ. ಸರಪಳಿಗೆ ಹಳೆ ಸೀರೆ ಸುತ್ತಿ ಹುಣಸೆಮರಕ್ಕೆ ಕಟ್ಟಿದ್ದರು. ಯಾರಾದರೂ ಕಣ್ಣಿಗೆ ಕಂಡರೆ ತುತ್ತು ಮುಟ್ಟುತ್ತಿರಲಿಲ್ಲ. ಅಪ್ಪ ಎರಡು ತಿಂಗಳು ಬೆನ್ನು ಹಾಕಿ ಕೂತ. ಬೆನ್ನ ಹಿಂದಿಟ್ಟ ಮುದ್ದೆಗೆ ಇರುವೆ ಮುತ್ತುತ್ತಿತ್ತು. ಈ ನಡುವೆ ಕುಣಿಗಲ್ ಕಡೆಯ ಒಬ್ಬ ತೋಟದ ಯಜಮಾನರು ಸುದ್ದಿ ಕೇಳಿ ಹೇಳಿಕಳಿಸಿದರು, ಅವರಿಗೆ ಹಂದಿಕಾಟವಂತೆ, ತೋಳದ ಬೆರಕೆ ನಾಯಿ ಬೇಕಂತೆ, ಪಳಗಿದ ಮೇಲೆ ಬಂದು ನೋಡುತ್ತಾರಂತೆ. ತೋಳವನ್ನೇ ಪಳಗಿಸಿದವನು ಎಂದು ಹೇಳಿಸಿಕೊಳ್ಳುವ ಆಸೆ ಅಪ್ಪನಿಗೆ ಜ್ವರದಂತೆ ಹತ್ತಿತು. ಬೂದ ಹತ್ತಿರ ಬಾರದ ದಿನಗಳಲ್ಲಿ ಕೋಪ ಮನೆಯೊಳಕ್ಕೆ ಬರುತ್ತಿತ್ತು.

ಅಂಥದೊಂದು ದಿನ ಪೆಟ್ಟು ತಿಂದು ನಾನು ಹುಣಸೆಮರದ ಹತ್ತಿರದ ಹುಲ್ಲಿನ ಬಣವೆಯ ಪಕ್ಕ ಕೂತು ಅಳುತ್ತಿದ್ದೆ, ಬೂದನಿಗೆ ಬೆನ್ನಾಗಿ. ಅವನು ಅಲ್ಲಿದ್ದಾನೆಂಬ ಗಮನ ಕೂಡ ಇರಲಿಲ್ಲ. ಕುತ್ತಿಗೆಗೆ ಬಿಸಿ ಉಸಿರು ತಾಗಿತು. ಅಳುವ ಮಗುವನ್ನು ಸಮಾಧಾನ ಮಾಡಲು ಬಂದ ಎಂದು ಬರೆದರೆ ಓದಲು ಚೆಂದ. ಅವನು ಬಂದದ್ದು ನನ್ನ ಮುಷ್ಟಿಯಲ್ಲಿದ್ದ ಕೊಬ್ಬರಿ ಚೂರಿಗೆ. ಬೆರಳುಗಳ ನಡುವೆ ಮೂತಿ ತೂರಿಸಿ ಮೆಲ್ಲಗೆ ಬಿಡಿಸಿಕೊಂಡು ತಿಂದ. ಹಲ್ಲು ತಾಗಲಿಲ್ಲ. ನಾನು ತಲೆ ಎತ್ತಿದಾಗ ಹಿಂಬಾಗಿಲಲ್ಲಿ ಅಪ್ಪ ನಿಂತಿದ್ದ. ಅವನ ಮುಖದಲ್ಲಿ ಅಂಥ ಸಂತೋಷವನ್ನು ನಾನು ಕಂಡಿರಲೇ ಇಲ್ಲ.

"ಮಗಾ," ಎಂದ. "ಅಲ್ಲಾಡಬ್ಯಾಡ. ಹಂಗೇ ಇರು, ನನ್ ಬಂಗಾರ."

ಆವತ್ತಿನಿಂದ ನಾನೇ ಮನೆಯ ರಾಣಿ. ಮೊಟ್ಟೆ ನನ್ನ ಎಲೆಗೆ ಮೊದಲು. ಟೀ ಅಂಗಡಿಯಲ್ಲಿ ಅಪ್ಪ ನನ್ನ ವಿಷಯ ಹೇಳುತ್ತಾನೆಂದು ಚಿಕ್ಕಮ್ಮ ಬಂದು ತಿಳಿಸಿದಳು. ದಿನವೂ ನಾನು ಬೂದನಿಗೆ ಬೆನ್ನಾಗಿ ಕೂರುತ್ತಿದ್ದೆ, ಅಪ್ಪ ದೂರದಲ್ಲಿ ಕೂತು ಕಣ್ಣಲ್ಲೇ ಹೇಳಿಕೊಡುತ್ತಿದ್ದ. ಬೆನ್ನಿನಿಂದ ಪಕ್ಕಕ್ಕೆ, ಪಕ್ಕದಿಂದ ಎದುರಿಗೆ, ನೆಲದಿಂದ ಅಂಗೈಗೆ. ಚಿಪ್ಪಿನ ಸದ್ದಿಗೆ ಅವನು ನಡುಗುವುದು ಬಿಟ್ಟು ಕಿವಿ ನೆಟ್ಟಗೆ ಮಾಡಿಕೊಂಡು ನನ್ನ ಕೈ ನೋಡಲು ಶುರುಮಾಡಿದ. ನನಗೆ ಬೂದ ಇಷ್ಟವಾಗಿದ್ದ, ಸುಳ್ಳು ಹೇಳುವುದಿಲ್ಲ. ಆದರೆ ಅದಕ್ಕಿಂತ ಅಪ್ಪ ನನ್ನನ್ನು ನೋಡುವ ರೀತಿ ಇಷ್ಟವಾಗಿತ್ತು. ಅದು ಎಲ್ಲಿ ತಪ್ಪಿಹೋಗುತ್ತದೋ ಎಂದು ಪ್ರತಿದಿನ ಹೆದರುತ್ತಿದ್ದೆ.

ಯಜಮಾನರು ಜೀಪಿನಲ್ಲಿ ಬಂದದ್ದು ಒಂದು ಭಾನುವಾರ, ಹನ್ನೊಂದು ಗಂಟೆಯ ಹೊತ್ತಿಗೆ. ಜೀಪನ್ನು ದೂರದ ರಸ್ತೆಯಲ್ಲೇ ನಿಲ್ಲಿಸಿ ನಡೆದು ಬರಲು ಅಪ್ಪ ಮೊದಲೇ ಹೇಳಿದ್ದ. ದಪ್ಪ ಮನುಷ್ಯರು, ಚಪ್ಪಲಿ ಬಿಟ್ಟು ಹಿಂಬಾಗಿಲ ಹೊಸ್ತಿಲಿನ ಒಳಗೆ ನಿಂತುಕೊಂಡರು. ಹೊರಗಿನವರ ಮುಂದೆ ಬೂದ ಕೈಯಿಂದ ತಿನ್ನಬೇಕು, ಅದೇ ಪರೀಕ್ಷೆ. ಅವ್ವ ಅತಿಥಿಗೆ ಕೋಳಿಸಾರು ಇಟ್ಟಿದ್ದಳು. ಒಲೆಗೆ ಸೌದೆ ಸಾಲದೆ ಹಿತ್ತಲ ಮೂಲೆಯ ತೆಂಗಿನಕಾಯಿ ಸಿಪ್ಪೆಯ ರಾಶಿಗೆ ಹೋಗಿದ್ದಳು. ನಾನು ಮುದ್ದೆ ಹಿಡಿದು ಬೂದನ ಎದುರು ಕೂತೆ. ಅಪ್ಪ ನನ್ನಿಂದ ನಾಲ್ಕು ಮಾರು ದೂರದಲ್ಲಿ, ನನ್ನ ಕಡೆ ಮುಖ ಮಾಡಿ ಕುಕ್ಕರುಗಾಲಲ್ಲಿ ಕೂತ. ಬೂದ ಹೊಸ್ತಿಲ ಕಡೆ ನೋಡಿದ, ಹಿಂಜರಿದ, ಮತ್ತೆ ನನ್ನ ಕಡೆ ನೋಡಿದ. ಕೊನೆಗೆ ಮೂತಿ ಚಾಚಿ ಮೊದಲ ತುತ್ತು ತೆಗೆದುಕೊಂಡ.

ಆಗ ಅಪ್ಪನ ಬೆನ್ನ ಹಿಂದೆ, ಸಿಪ್ಪೆಯ ರಾಶಿಯ ಹತ್ತಿರ ಅವ್ವ ಎದ್ದು ನಿಂತಿದ್ದು ಕಾಣಿಸಿತು. ಒಂದು ಕಾಲನ್ನು ನೆಲಕ್ಕೆ ಊರದೆ, ತೆಂಗಿನ ಮರ ಹಿಡಿದುಕೊಂಡಿದ್ದಳು. ಬಾಯಿ ತೆರೆದಿತ್ತು, ಸದ್ದಿರಲಿಲ್ಲ. ಕೈ ಎತ್ತಿ, ಬಾ ಎಂದು ಬೆರಳು ಮಡಿಸಿದಳು. ಇನ್ನೊಂದು ಸಲ ಮಡಿಸಿದಳು. ನನ್ನ ಕಣ್ಣು ಹೋದ ಕಡೆ ಅಪ್ಪ ತಿರುಗಿ ನೋಡಿದ. ಅವನೂ ನೋಡಿದ, ಇದನ್ನು ನಾನು ಎಲ್ಲಿ ಬೇಕಾದರೂ ಆಣೆ ಮಾಡಿ ಹೇಳುತ್ತೇನೆ. ಆಮೇಲೆ ನನ್ನ ಕಡೆ ತಿರುಗಿ, ಏಳಬೇಡ ಎಂದು ಕಣ್ಣಲ್ಲೇ ಹೇಳಿದ. ಹಾವು ಎಂದು ನನಗೆ ಗೊತ್ತಿರಲಿಲ್ಲ. ಏನೋ ಕೆಟ್ಟದ್ದಾಗಿದೆ ಎಂದು ಗೊತ್ತಿತ್ತು. ಈ ವ್ಯತ್ಯಾಸವನ್ನು ಹಿಡಿದುಕೊಂಡು ಕೆಲವು ವರ್ಷ ನೆಮ್ಮದಿ ಹುಡುಕಿದೆ, ಸಿಗಲಿಲ್ಲ. ಬೂದ ಎರಡನೇ ತುತ್ತು ತೆಗೆದುಕೊಂಡ. ಮೂರನೆಯದು. ಅವನ ನಾಲಿಗೆ ನನ್ನ ಅಂಗೈಯನ್ನು ನೆಕ್ಕುತ್ತಿತ್ತು. ನಾನು ಅಂಗೈ ನೋಡುತ್ತ ಕೂತೆ, ಅವ್ವನ ಕಡೆ ಮತ್ತೆ ನೋಡಲಿಲ್ಲ. ಒಂದು ಇಡೀ ಮುದ್ದೆ ತಿನ್ನಲು ನಾಯಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು. ಹೊಸ್ತಿಲಲ್ಲಿ ಯಜಮಾನರು ಉಸಿರಿನಲ್ಲೇ "ಭೇಷ್" ಎಂದರು. ಅಪ್ಪನ ಕಣ್ಣಲ್ಲಿ ನೀರಿತ್ತು.

ಬೂದ ಮರದ ಬುಡಕ್ಕೆ ಹೋಗಿ ಮಲಗಿದ ಮೇಲೆ ತಲೆ ಎತ್ತಿದೆ. ಸಿಪ್ಪೆಯ ರಾಶಿಯ ಹತ್ತಿರ ಯಾರೂ ಇರಲಿಲ್ಲ. ಅವ್ವ ಮನೆಯ ಪಕ್ಕದಿಂದ ಗೋಡೆ ಹಿಡಿದುಕೊಂಡು ನಡೆದು ಮುಂದಿನ ಜಗಲಿಗೆ ಹೋಗಿ ಕೂತಿದ್ದಳು. ಸೆರಗಿನ ಅಂಚು ಹರಿದು ಮೊಣಕಾಲ ಕೆಳಗೆ ಕಟ್ಟಿಕೊಂಡಿದ್ದಳು. ಕಾಲು ಆಗಲೇ ಊದಿಕೊಂಡು ಹೊಳೆಯುತ್ತಿತ್ತು.

"ಹಾವು," ಎಂದಳು. "ಕೊಳಕುಮಂಡಲ." ಆಗಲೂ ಪಿಸುಮಾತು.

ಯಜಮಾನರು ಜೀಪಿಗೆ ಓಡಿದರು, ಅಷ್ಟು ದಪ್ಪ ಮನುಷ್ಯರು ಬರಿಗಾಲಲ್ಲಿ ಓಡಿದ್ದು ನೆನಪಿದೆ. ಗುಬ್ಬಿಯಲ್ಲಿ ಇಂಜೆಕ್ಷನ್ ಕೊಟ್ಟು ತುಮಕೂರಿಗೆ ಕಳಿಸಿದರು. ಕಚ್ಚಿ ಎಷ್ಟು ಹೊತ್ತಾಯಿತು ಎಂದು ಡಾಕ್ಟರು ಕೇಳಿದಾಗ ಅಪ್ಪ "ಕಚ್ಚಿದ ತಕ್ಷಣ ತಂದ್ವಿ ಸಾ" ಎಂದನಂತೆ. ಅವ್ವನ ಮೂತ್ರ ನಿಂತುಹೋಯಿತು, ಮುಖ ಗುರುತು ಸಿಗದಂತೆ ಊದಿತು, ಮೀನಖಂಡದ ಮಾಂಸವನ್ನು ಕೊಯ್ದು ತೆಗೆದರು. ಮೂರನೇ ದಿನ ಬಟ್ಟೆ ತೆಗೆದುಕೊಂಡು ಹೋಗಲು ಅಪ್ಪ ಮನೆಗೆ ಬಂದ. ನಾನು ಚಿಕ್ಕಮ್ಮನ ಜೊತೆ ಜಗಲಿಯಲ್ಲಿದ್ದೆ. ಅವನು ಮೊದಲು ಕೇಳಿದ ಮಾತು, "ಬೂದ ಉಂಡನಾ?" ಚಿಕ್ಕಮ್ಮ ಕೈಯಲ್ಲಿದ್ದ ಪೊರಕೆಯನ್ನು ಅವನ ಕಾಲ ಬುಡಕ್ಕೆ ಎಸೆದು ಒಳಗೆ ಹೋದಳು.

ನನ್ನನ್ನು ಅವ್ವನ ಹತ್ತಿರ ಕರೆದುಕೊಂಡು ಹೋದದ್ದು ಹದಿನೈದು ದಿನದ ಮೇಲೆ. ಅವಳು ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ನನ್ನನ್ನು ನೋಡಿ ಮೆಲ್ಲಗೆ ಹೊರಳಿದಳು. ಅಪ್ಪ ಮಂಚದ ಕಾಲಿನ ಹತ್ತಿರ ನಿಂತಿದ್ದ.

"ನಾನು ಕೈ ಮಾಡ್ದೆ ಕಣವ್ವ," ಎಂದಳು. "ಕಿರುಚಿದ್ರೆ ಅದು ಬೆದರಿ ನಿನ್ ಕೈನೇ ಹಿಡಿದ್ರೆ ಅಂತ, ಬರೀ ಕೈ ಮಾಡ್ದೆ. ನೀನು ನೋಡ್ಲಿಲ್ವಾ?"

ಅದುವರೆಗೆ ನಾನು ಎಂದೂ ಯೋಚಿಸಿರದ ಸಂಗತಿ ಇದು. ಅಪ್ಪನ ಹೆದರಿಕೆಗೆ ಅವಳು ಸುಮ್ಮನಿದ್ದಳು ಎಂದುಕೊಂಡಿದ್ದೆ. ನನ್ನ ಕೈ ಬೂದನ ಬಾಯಿಯ ಹತ್ತಿರ ಇತ್ತು, ಅದಕ್ಕೆ ಸುಮ್ಮನಿದ್ದಳು. ಅಪ್ಪ ನನ್ನ ಭುಜದ ಮೇಲೆ ಕೈ ಇಟ್ಟ, ನಾಯಿಯ ಬೆನ್ನ ಮೇಲೆ ಇಡುವಷ್ಟೇ ಹಗುರವಾಗಿ.

"ನಾನೂ ನೋಡ್ಲಿಲ್ಲ, ಮಗೂನೂ ನೋಡ್ಲಿಲ್ಲ," ಎಂದ. "ಇಬ್ರೂ ನಾಯಿ ಕಡೆ ನೋಡ್ತಿದ್ವಿ."

"ನಂಗೊತ್ತಿತ್ತು ಬುಡು," ಎಂದಳು ಅವ್ವ. "ನೋಡಿದ್ರೆ ನನ್ ಮಗ್ಳು ಓಡ್ಬರ್ತಿದ್ಲು."

ಆ ಕೈಯನ್ನು ನಾನು ಕೊಡವಿ ಹಾಕಲಿಲ್ಲ. ಅದರ ಕೆಳಗೇ ನಿಂತೆ. ಅಪ್ಪ ಆ ಸುಳ್ಳು ಹೇಳಿದ್ದು ನನಗಾಗಿಯೋ ತನಗಾಗಿಯೋ, ಅವನು ಸಾಯುವವರೆಗೂ ನಾನು ಕೇಳಲಿಲ್ಲ. ಅವನೂ ಆ ಮಾತು ಎತ್ತಲಿಲ್ಲ. ಆದರೆ ಆವತ್ತಿನಿಂದ ನಾನು ಅವನು ಕರೆದಲ್ಲಿಗೆ ಹೋಗುವವಳಾದೆ, ಅವನು ನನ್ನ ಮೇಲೆ ಕೈ ಎತ್ತಲೂ ಇಲ್ಲ. ಅವನನ್ನು ದ್ವೇಷಿಸಬೇಕಾಗಿತ್ತು. ಆಗಲಿಲ್ಲ. ನನ್ನ ಬಗ್ಗೆ ಗೊತ್ತಿದ್ದವನು ಅವನೊಬ್ಬನೇ.

ಬೂದನನ್ನು ಯಜಮಾನರು ಕೊಂಡೊಯ್ದರು. ಜೀಪು ಹತ್ತಿಸಲು ನಾನೇ ಮುದ್ದೆ ಹಿಡಿದು ಮುಂದೆ ನಡೆಯಬೇಕಾಯಿತು, ಬೇರೆ ಯಾರ ಹಿಂದೆಯೂ ಅವನು ಬರುತ್ತಿರಲಿಲ್ಲ. ಕುಣಿಗಲ್ಲಿನ ತೋಟದಲ್ಲಿ ಮೊದಲ ಬೇಟೆಯ ದಿನವೇ ಪೊದೆಯಿಂದ ಹೊರಬಂದವನನ್ನು ತೋಳವೆಂದು ತಿಳಿದು ಜೊತೆಯವರೇ ಯಾರೋ ಈಡು ಹೊಡೆದು ಕೊಂದರಂತೆ. ಗುರಿ ತಪ್ಪಿದ ಮೊದಲ ಈಡಿನ ಸದ್ದಿಗೆ ಅವನು ಓಡಿಹೋಗಿರಲಿಲ್ಲವಂತೆ. ಕಿವಿ ನೆಟ್ಟಗೆ ಮಾಡಿಕೊಂಡು ಸದ್ದಿನ ಕಡೆಗೇ ಬಂದನಂತೆ. ಅಪ್ಪ ಇದನ್ನು ಕೇಳಿಸಿಕೊಂಡು ಎದ್ದು ಹೋದ, ಆಮೇಲೆ ನಮ್ಮ ಹಿತ್ತಲಿಗೆ ಯಾವ ನಾಯಿಯೂ ಬರಲಿಲ್ಲ. ತುಮಕೂರಿಗೆ ಹೋದಾಗ ಅವ್ವನಿಗೆ ಒಂದು ಕುಕ್ಕರ್ ತಂದುಕೊಟ್ಟ. ಅವಳು ಅದನ್ನು ಒಮ್ಮೆ ಒಲೆಯ ಮೇಲಿಟ್ಟು, ಮೊದಲ ಕೂಗಿಗೇ ಬೆಚ್ಚಿಬಿದ್ದು ಇಳಿಸಿ ಅಟ್ಟಕ್ಕೆ ಹಾಕಿದಳು.

ಅವ್ವ ಈಗ ನನ್ನ ಜೊತೆ ತುಮಕೂರಿನ ಶಿರಾ ಗೇಟ್ ಹತ್ತಿರದ ಮನೆಯಲ್ಲಿದ್ದಾಳೆ. ಎಡಗಾಲು ಎಳೆದುಕೊಂಡೇ ನಡೆಯುತ್ತಾಳೆ. ಆ ಹಾವಿನ ವಿಷದಿಂದ ಪೆಟ್ಟು ತಿಂದ ಮೂತ್ರಪಿಂಡಗಳು ಇಷ್ಟು ವರ್ಷ ಹೇಗೋ ನಡೆದು, ಈಗ ಕೈಕೊಟ್ಟಿವೆ. ವಾರಕ್ಕೆರಡು ದಿನ ಡಯಾಲಿಸಿಸ್. ಆ ಒಂದು ಮುದ್ದೆಯ ಹೊತ್ತು ಉಳಿದಿದ್ದರೆ ಏನಾದರೂ ಬೇರೆಯಾಗುತ್ತಿತ್ತೇ ಎಂದು ಡಾಕ್ಟರನ್ನು ಕೇಳಿದ್ದೇನೆ. ಹೇಳಲು ಬರುವುದಿಲ್ಲ ಎಂದರು, ಅಷ್ಟರಿಂದ ದೊಡ್ಡ ವ್ಯತ್ಯಾಸವೇನೂ ಆಗುತ್ತಿರಲಿಲ್ಲ ಎಂದೂ ಸೇರಿಸಿದರು. ಅವರು ಒಳ್ಳೆಯವರು, ನನ್ನ ಮುಖ ನೋಡಿ ಹೇಳಿದರು.

ಹೋದ ಗುರುವಾರ ಡಯಾಲಿಸಿಸ್ ವಾರ್ಡಿನಲ್ಲಿ ಪಕ್ಕದ ಮಂಚಕ್ಕೆ ಗುಬ್ಬಿ ಕಡೆಯ ಹೊಸಬರೊಬ್ಬರು ಬಂದಿದ್ದರು, ಅವ್ವನ ವಯಸ್ಸಿನ ಹೆಂಗಸು. ಅವರು ಅವ್ವನ ಕಾಲು ನೋಡಿ ಏನಾಯಿತೆಂದು ಕೇಳಿದರು. ಅವ್ವ ಹಾವಿನಿಂದ ಶುರುಮಾಡಿದಳು. ತೋಳದ ನಾಯಿ, ಕೋಳಿಸಾರು, ಜೀಪು, ಎಲ್ಲ ಹೇಳಿದಳು. ನಾನು ಅವಳ ಕಾಲಿನ ಹತ್ತಿರ ಕೂತು ಕಿತ್ತಳೆ ಸುಲಿಯುತ್ತಿದ್ದೆ.

"ಕೂಗ್ಬಾರ್ದಿತ್ತಾ?" ಎಂದರು ಆ ಹೆಂಗಸು.

"ಕೂಗಿದ್ರೆ ಇವಳ ಕೈ ಹೋಗ್ತಿತ್ತಲ್ಲ ತಾಯಿ," ಎಂದಳು ಅವ್ವ. "ಕೈ ಸನ್ನೆ ಮಾಡ್ದೆ. ಪಾಪ, ಇದು ನೋಡ್ಲಿಲ್ಲ. ನೋಡಿದ್ರೆ ಆ ನಾಯಿ ಬಾಯಿಂದ್ಲೇ ಕೈ ಕಿತ್ಕಂಡು ಓಡ್ಬರ್ತಿತ್ತು. ಅಲ್ವೇನವ್ವ?"

"ಹೂಂ ಕಣವ್ವ," ಎಂದೆ.

ಅವಳಿಗೆ ಕೇಳಿಸಲಿಲ್ಲ. ಏನಂದೆ ಎಂದು ಮತ್ತೆ ಕೇಳಿದಳು. ನಾನು ದನಿ ಎತ್ತಿ, ಆ ವಾರ್ಡಿಗೆಲ್ಲ ಕೇಳುವ ಹಾಗೆ, ಇನ್ನೊಮ್ಮೆ ಹೂಂ ಎಂದೆ.